ಬಾಯಿ ಮುಚ್ಚಿದ ದೊಡ್ಡಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ದೆವ್ವ ಗಿವ್ವ ಎಂದು ಹೆದರುವ ಹೆಂಗಸಲ್ಲ. ವಯಸ್ಸಿನಲ್ಲಿದ್ದಾಗ ವರ್ಷಗಟ್ಟಲೆ ಕುರಿಗಳ ಜೊತೆ ಬಯಲಲ್ಲಿ ಮಲಗಿದ್ದೇನೆ. ಕತ್ತಲಲ್ಲಿ ತೋಳದ ಕಣ್ಣು ಹೇಗೆ ಹೊಳೆಯುತ್ತದೆ ಎಂದು ಗೊತ್ತು, ಹಾಸಿಗೆಯೊಳಗೆ ಹಾವು ಬಂದರೆ ಏನು ಮಾಡಬೇಕೆಂದೂ ಗೊತ್ತು. ಆದರೆ ಹೋದ ಬೇಸಿಗೆಯ ಒಂದು ರಾತ್ರಿ ನನ್ನ ಮನೆಯ ಬಾಗಿಲಲ್ಲೇ ನಾನು ಕಂಡದ್ದು ಏನೆಂದು ಇವತ್ತಿಗೂ ಗೊತ್ತಿಲ್ಲ. ಕಂಡದ್ದು ಮಾತ್ರ ಖರೆ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಮನೆ ಶಹಾಪುರ ದಾಟಿ ದೋರನಹಳ್ಳಿ ಕಡೆ ಹೋಗುವಾಗ ದಾರಿಯಿಂದ ಒಳಗೆ, ಒಂದು ಬೋಳು ಗುಡ್ಡದ ಬುಡದಲ್ಲಿದೆ. ಅಕ್ಕಪಕ್ಕ ಮನೆಯಿಲ್ಲ. ಬೇಸಿಗೆ ಬಂತೆಂದರೆ ಗಂಡಸರು ಕುರಿ ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಹೋಗಿಬಿಡುತ್ತಾರೆ. ನನ್ನ ಗಂಡ ಸತ್ತು ಬಹಳ ವರ್ಷವಾಯಿತು. ಈಗ ಹೋಗುವವರು ನನ್ನ ಮಗ ಮತ್ತು ಮೈದುನ. ಮನೆಯಲ್ಲಿ ಉಳಿಯುವವರು ನಾನು, ಮೈದುನನ ಹೆಂಡತಿ ಮಲ್ಲವ್ವ, ಮತ್ತು ನಡೆಯಲಾಗದ ನಾಲ್ಕಾರು ಕುರಿಮರಿಗಳು.

ಹಿಂದಿನ ದೀಪಾವಳಿಗೆ ನಾವಿಬ್ಬರೂ ಮನೆಯ ಮುಂದಿನ ಗೋಡೆಗೆ ಚಿತ್ರ ಬರೆದಿದ್ದೆವು. ಎಡಕ್ಕೆ ನಾನು, ಬಲಕ್ಕೆ ಆಕೆ. ಕುರಿಗೆ ಗುರುತು ಹಾಕುವ ಕೆಂಪು ಜಾಜು, ಸುಣ್ಣ, ಒಲೆಯ ಮಸಿ, ಇಷ್ಟೇ ಬಣ್ಣ. ಜಾಜಿನ ಕಲ್ಲು ಗುಡ್ಡದ ಯಾವ ಮಗ್ಗುಲಲ್ಲಿ ಸಿಗುತ್ತದೆ, ಅದನ್ನು ಜಾಲಿಯ ಅಂಟಿನಲ್ಲಿ ಹೇಗೆ ಅರೆಯಬೇಕು, ಎಲ್ಲವನ್ನೂ ಮಲ್ಲವ್ವನಿಗೆ ಕಲಿಸಿದವಳು ನಾನು. ಈ ಮಾತು ನೆನಪಿರಲಿ. ಆಮೇಲೆ ಯಾರಿಗೂ ನೆನಪಿರಲಿಲ್ಲ.

ಬೇಸಿಗೆಯಲ್ಲಿ ಕಲಬುರಗಿಯಿಂದ ಒಬ್ಬ ಮೇಡಂ ಬಂದಳು. ಬಯಲು, ಬಂಡೆ, ಮರಳುಗಾಡು ಇಂಥದ್ದರ ಫೋಟೊ ತೆಗೆಯುವುದು, ಕುಂತು ಚಿತ್ರ ಬರೆಯುವುದು ಆಕೆಯ ಕೆಲಸವಂತೆ. ಬಿಸಿಲಲ್ಲಿ ಮೂರು ಕಾಲಿನ ಕೋಲು ನೆಟ್ಟು, ಗುಡ್ಡದ ಮುಂದೆ ಹೊತ್ತು ಮುಳುಗುವವರೆಗೆ ಕಾಯುತ್ತಿದ್ದಳು.

“ಮರುಭೂಮಿ ಹುಡುಕ್ಕೋತ ಇಷ್ಟ ವರ್ಷ ರಾಜಸ್ಥಾನಕ್ಕ ಹೋಗೀನ್ರಿ. ಇಲ್ಲೇ ಮನಿ ಬಾಜೂಕ ಇಂಥಾದ್ದ ಅದ ಅಂತ ಗೊತ್ತಿರಲಿಲ್ಲ ನೋಡ್ರಿ” ಎಂದಳು.

“ಇದರಾಗ ಚಂದ ಏನ ಬಂತವ್ವ? ಒಂದು ಮ್ಯಾಕಿಗಿ ಬಾಯಿ ತುಂಬ ಮೇವ ಸಿಗಂಗಿಲ್ಲ” ಎಂದೆ ನಾನು.

ಮಲ್ಲವ್ವ ಮಾತ್ರ ಮೆಲ್ಲಗೆ, “ಇನ್ನೊಂದ ಸ್ವಲ್ಪ ನಿಲ್ಲರಿ ಮೇಡಂ. ಹೊತ್ತು ಮುಳುಗಿದ ಮ್ಯಾಲ ಬಂಡಿಗಲ್ಲು ಒಳಗಿಂದ ಕೆಂಪ ಕಾಣ್ತಾವ” ಎಂದಳು. ಹಾಗೇ ಆಯಿತು. ಮೇಡಂ ಆಕೆಯನ್ನು ತಿರುಗಿ ನೋಡಿದ ರೀತಿಯೇ ಬೇರೆಯಾಯಿತು.

ಆಮೇಲೆ ನೀರು ಕುಡಿಯಲು ಮನೆಗೆ ಬಂದವಳು ಗೋಡೆಯ ಮುಂದೆ ನಿಂತುಬಿಟ್ಟಳು.

“ಈ ಎಡಗಡಿದು ಯಾರ ಬರದಾರ?”

“ನಾನು” ಎಂದೆ.

“ಆಯಿ, ನೀವು ಗ್ವಾಡಿ ಪೂರಾ ತುಂಬಿಸಿಬಿಟ್ಟೀರಿ. ಕಣ್ಣ ಇಡಾಕ ಜಾಗಾ ಇಲ್ಲ. ಈ ಅಕ್ಕಾರು ನೋಡ್ರಿ, ಖಾಲಿ ಬಿಟ್ಟಾರ. ಈ ನೆಲದ ಚಂದ ಎಲ್ಲಾ ಆ ಖಾಲಿ ಜಾಗದಾಗ ಅದ.”

ನಾನು ಅಜ್ಜಿಯ ಹಾಗೆ ಆಯಿ, ಆಕೆ ಅಕ್ಕ! ನಮ್ಮಿಬ್ಬರ ನಡುವೆ ಇರುವುದು ಎಂಟು ವರ್ಷ. ಮಲ್ಲವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಾಚಿ ನಕ್ಕಳೋ, ನನ್ನನ್ನು ನೋಡಿ ನಕ್ಕಳೋ... ನನಗೆ ಎರಡನೆಯದೇ ಅನ್ನಿಸಿತು.

ಮೇಡಂ ಜೋಳಿಗೆಯಿಂದ ಒಂದು ದಪ್ಪ ಬಿಳಿ ಅರಿವೆ ತೆಗೆದು ಮಲ್ಲವ್ವನ ಕೈಗೆ ಕೊಟ್ಟಳು. ಎಂಟು ದಿನದಲ್ಲಿ ಚಿತ್ರ ಬರೆದಿಡಬೇಕು, ತಾನು ಬಂದು ಒಯ್ಯುತ್ತೇನೆ, ಯಾದಗಿರಿಯಲ್ಲಿ ತನ್ನ ಫೋಟೊಗಳ ಜೊತೆ ಜನ ನೋಡುವ ಹಾಗೆ ತೂಗುಹಾಕುತ್ತೇನೆ ಎಂದಳು.

“ನನಗೊಂದು ಅರಿವಿ?” ಎಂದೆ.

“ಒಂದೇ ತಂದೀನಿ ಆಯಿ.”

ಆಕೆ ಹೋದ ಮೇಲೆ ಮಲ್ಲವ್ವ, “ಇಬ್ಬರೂ ಕೂಡಿ ಬರಿಯೂಣು ಬಾ ಯಕ್ಕಾ” ಎಂದಳು.

“ಖಾಲಿ ಬಿಡೂದ್ರಾಗ ಶಾಣ್ಯಾಕಿ ನೀನು. ಏನೂ ಬರೀದೇ ಇರಾಕ ನನ್ನ ಕೈ ಯಾಕ ಬೇಕ?” ಎಂದು ನಾನು ಎದ್ದು ಹೋದೆ.

ಏಳು ದಿನ ಆಕೆ ಬರೆದಳು. ನಾನು ನೋಡದ ಹಾಗೆ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಚಿತ್ರ ಚೆನ್ನಾಗಿತ್ತು. ಅದೇ ನನ್ನ ಹೊಟ್ಟೆಗೆ ಬೆಂಕಿ ಹಚ್ಚಿದ್ದು. ಮೇಲೆ ಕೆಂಪು ಬೋಳು ಗುಡ್ಡ. ಕೆಳಗೆ ಅಷ್ಟಗಲ ಬಯಲು, ಒಂದು ಗಿಡವಿಲ್ಲ. ಒಂದು ಮೂಲೆಯಲ್ಲಿ ಮುಳ್ಳಿನ ಕುರಿದೊಡ್ಡಿ, ದುಂಡಗೆ, ಒಂದು ಕಡೆ ಬಾಯಿ ಬಿಟ್ಟ ಬಳೆಯ ಹಾಗೆ. ಆ ದೊಡ್ಡಿಯ ಕಡೆ ದೂರದಿಂದ ನಡೆದು ಬರುತ್ತಿರುವ ಒಬ್ಬಳೇ ಹೆಂಗಸು, ಹೆಬ್ಬೆರಳಿನಷ್ಟು. ಅಷ್ಟೇ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆತನದಲ್ಲಿ ಗೋಡೆಗೆ ಕುರಿದೊಡ್ಡಿ ಬರೆದರೆ ಅದರ ಬಾಯಿ ಬಿಟ್ಟೇ ಬರೆಯಬೇಕು. ಒಂದು ಬೆರಳಿನಷ್ಟು ಜಾಗ. ಪೂರಾ ಸುತ್ತಿ ಮುಚ್ಚಬಾರದು. ಹೊರಗೆ ಮೇಯಲು ಹೋದ ಜೀವ ಒಳಗೆ ಬರುವುದು ಹೇಗೆ? ನನ್ನ ಅತ್ತೆ ಇದನ್ನು ಕೈ ಮೇಲೆ ಹೊಡೆದು ಕಲಿಸಿದ್ದಳು. ನಾನು ಎಷ್ಟೇ ಗೋಡೆ ತುಂಬಿಸಿದರೂ ದೊಡ್ಡಿಯ ಬಾಯಿ ಮುಚ್ಚಿದವಳಲ್ಲ.

ಏಳನೆಯ ದಿನ ಸಂಜೆ ಚಿತ್ರ ಮುಗಿಯಿತು. ಮರುದಿನ ಮೇಡಂ ಬರುವವಳು. ಮಲ್ಲವ್ವ ಅರಿವೆಯನ್ನು ಒಳಗಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, ಉಂಡು, ದಣಿದು ಮಲಗಿದಳು. ಬಟ್ಟಲಿನಲ್ಲಿ ಜಾಜು ಉಳಿದಿತ್ತು. ನಾನು ಚಿತ್ರದ ಮುಂದೆ ನಿಂತೆ. ಖಾಲಿ ಜಾಗದಲ್ಲಿ ಚಂದ ಇದೆಯಂತೆ... ಬೆರಳು ಅದ್ದಿದೆ. ದೊಡ್ಡಿಯ ಬಾಯಿಗೆ ಒಂದು ಗೆರೆ ಎಳೆದೆ.

ತುಂಬಿತಲ್ಲ ಈಗ, ಅಂದುಕೊಂಡೆ. ಹೋಗಿ ಮಲಗಿದೆ. ನಿದ್ದೆಯೂ ಬಂತು.

ಎಷ್ಟು ಹೊತ್ತಾಗಿತ್ತೋ, ಹಿತ್ತಲಲ್ಲಿ ಒಂದು ಮರಿ ಒದರತೊಡಗಿತು. ಮಲ್ಲವ್ವ ಎದ್ದದ್ದು, ಚಿಲಕ ತೆಗೆದದ್ದು ಕೇಳಿಸಿತು. “ಮರಿ ನೋಡಿ ಬರ್ತೀನಿ ಯಕ್ಕಾ” ಎಂದು ಹೋದಳು. ಮರಿ ಸುಮ್ಮನಾಯಿತು.

ಮಲ್ಲವ್ವ ಬರಲಿಲ್ಲ.

ಆಮೇಲೆ ಆ ಸಪ್ಪಳ... ಸರ್ರ್... ಸರ್ರ್... ಹೊರಗಿನಿಂದ ಯಾರೋ ಅಂಗೈಯನ್ನು ಗೋಡೆಗೆ ಒತ್ತಿ ಸವರುತ್ತಾ ನಡೆದ ಹಾಗೆ. ಹಿಂದಿನ ಗೋಡೆಯಿಂದ ಮಗ್ಗುಲ ಗೋಡೆಗೆ ಬಂತು. ಅಲ್ಲಿಂದ ಮುಂದಕ್ಕೆ. ಬಾಗಿಲ ಹತ್ತಿರ ನಿಲ್ಲಬೇಕಲ್ಲ? ನಿಲ್ಲಲಿಲ್ಲ. ದಾಟಿ ಹೋಯಿತು. ಮತ್ತೆ ಹಿಂದಕ್ಕೆ. ಮತ್ತೆ ಸುತ್ತು.

“ಯಕ್ಕಾ... ಬಾಗಿಲಾ ಎಲ್ಲದ?”

ಮಲ್ಲವ್ವನ ಧ್ವನಿ. ಆದರೆ ಗುಡ್ಡದ ಆಚೆಯಿಂದ ಕೂಗಿದಷ್ಟು ದೂರ.

“ಹುಚ್ಚಿ, ತೆರದೇ ಅದಲ್ಲ! ನಿದ್ದಿಗಣ್ಣಾಗ ಏನ ಆಡಾಕತ್ತಿ?” ಎಂದು ಗದರಿ ಎದ್ದೆ. ಮೊಬೈಲಿನ ಬೆಳಕು ಹಾಕಿಕೊಂಡು ಬಾಗಿಲಿಗೆ ಬಂದೆ. ಬಾಗಿಲು ಪೂರಾ ತೆರೆದಿತ್ತು. ಹೊರಗೆ ತಿಂಗಳ ಬೆಳಕು, ಬಿಳಿಚಿದ ಬಯಲು ಗುಡ್ಡದವರೆಗೆ ಚಾಚಿಕೊಂಡಿತ್ತು. ಗಾಳಿಯಿಲ್ಲ. ಹಸಿ ಜಾಜಿನ ವಾಸನೆ ಮಾತ್ರ ಮೂಗಿಗೆ ಬಡಿಯಿತು, ಮೊದಲ ಮಳೆ ಬಿದ್ದ ಹಾಗೆ.

ಎಡಗಡೆಯಿಂದ ಮಲ್ಲವ್ವ ಬಂದಳು.

ಬಲಗೈ ಗೋಡೆಯ ಮೇಲಿತ್ತು. ಸವರುತ್ತಾ ಬಂದಳು. ಗೋಡೆ ಮುಗಿದು ಬಾಗಿಲು ಬಂತು. ಆಕೆಯ ಕೈ ಒಳಗೆ ಬೀಳಲಿಲ್ಲ... ಬರಿಯ ಗಾಳಿಯ ಮೇಲೆ ಅಂಗೈ ಚಪ್ಪಟೆಯಾಗಿ ಅಂಟಿಕೊಂಡು ಸವರುತ್ತಲೇ ಇತ್ತು. ಸರ್ರ್ ಎನ್ನುವ ಸಪ್ಪಳವೂ ಬರುತ್ತಿತ್ತು! ಆ ಅಂಗೈಯ ಗೆರೆಗಳು, ಉಗುರಿಗೆ ಮೆತ್ತಿದ ಸುಣ್ಣ ಎಲ್ಲಾ ನನ್ನ ಮೂಗಿನ ಮುಂದೆ. ಮುಖಕ್ಕೆ ಬೆಳಕು ಬಿಟ್ಟೆ. ಕಣ್ಣು ಮಿಟುಕಲಿಲ್ಲ.

“ಮಲ್ಲೀ!” ಎಂದೆ. ಒಂದು ಮೊಳ ದೂರ. ಕೇಳಿಸಲಿಲ್ಲ.

ಹಿಡಿದು ಎಳೆದುಕೊಳ್ಳೋಣ ಎಂದು ಕೈ ಚಾಚಿದೆ.

ನನ್ನ ಬೆರಳಿಗೆ ತಣ್ಣನೆಯ ಗೋಡೆ ತಾಗಿತು.

ಕಣ್ಣಿಗೆ ಬಯಲು ಕಾಣುತ್ತಿದೆ, ಬೆರಳಿಗೆ ಸುಣ್ಣ ತಾಗುತ್ತಿದೆ. ಕಾಲಿನಿಂದ ಒದ್ದೆ, ಕೈಯಿಂದ ಗುದ್ದಿದೆ. ಅಲುಗಲಿಲ್ಲ. ಮಲ್ಲವ್ವ ದಾಟಿ ಹೋದಳು. ಮುಂದಿನ ಸುತ್ತಿನಲ್ಲಿ ಕಾಲು ಎಳೆಯುತ್ತಿದ್ದಳು. ಅದರ ಮುಂದಿನದರಲ್ಲಿ ಅಳುತ್ತಿದ್ದಳು. ಪ್ರತಿ ಸಲವೂ ಆಕೆ ಗೋಡೆಯಿಂದ ದೂರ ಜಾರಿ ಬಯಲ ಕಡೆ ಒಂದೆರಡು ಹೆಜ್ಜೆ ಹಾಕಿ, ಮತ್ತೆ ತಡವರಿಸಿ ಬರುತ್ತಿದ್ದಳು. ಇನ್ನೊಂದು ಸುತ್ತಿಗೆ ಆಕೆ ಬಯಲಿಗೇ ಹೋಗಿಬಿಟ್ಟರೆ ಮರಳಿ ಬರಲಾರಳು ಅನ್ನಿಸಿತು. ಯಾಕೆ ಹಾಗನ್ನಿಸಿತು ಎಂದು ಕೇಳಬೇಡಿ. ಅನ್ನಿಸಿತು.

ಆಗ ನೆನಪಾಯಿತು, ನನ್ನ ಬೆರಳು ಮಾಡಿದ ಕೆಲಸ.

ಓಡಿ ಬಂದೆ. ಎಂಜಲು ಹಚ್ಚಿ ತಿಕ್ಕಿದೆ, ನೀರು ಹಚ್ಚಿ ತಿಕ್ಕಿದೆ. ಅಂಟಿನಲ್ಲಿ ಅರೆದ ಜಾಜು ಒಣಗಿದ ಮೇಲೆ ಬಿಡುತ್ತದೆಯೇ? ನಾನೇ ಕಲಿಸಿದ ಅರೆತ. ತಿಕ್ಕಿದಷ್ಟೂ ಗೆರೆ ದಪ್ಪವಾಯಿತು. ಹೊರಗೆ ಸಪ್ಪಳ ನಿಂತಿತು... ಗೋಡೆ ಬಿಟ್ಟಳೆಂದು ತಿಳಿಯಿತು. ಮೂಲೆಯಲ್ಲಿದ್ದ ಕುಡುಗೋಲು ತೆಗೆದುಕೊಂಡು ನಾನು ಗೆರೆ ಎಳೆದ ಜಾಗಕ್ಕೆ ಹಾಕಿ, ಅರಿವೆಯನ್ನು ಪರ್ರ್ ಎಂದು ಸೀಳಿದೆ.

ಬಾಗಿಲಲ್ಲಿ ಬಳೆಯ ಸಪ್ಪಳವಾಯಿತು. ಮಲ್ಲವ್ವ ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು. ಅಂಗೈ ತರಚಿ ರಕ್ತ ಬಂದಿತ್ತು.

“ಯಾಕ ಯಕ್ಕಾ ಬಾಗಿಲಾ ಹಾಕ್ಕೊಂಡಿ? ಎಷ್ಟ ಒದರಿದೆ...”

“ಯಾರ ಹಾಕ್ಯಾರ? ತೆರದೇ ಇತ್ತು. ನೀ ನಿದ್ದಿಗಣ್ಣಾಗ ಹೋಗಿದ್ದಿ” ಎಂದೆ.

ಒಂದು ಚೊಂಬು ನೀರು ಕುಡಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹಂಗಂದ್ರ ನೀ ಹೊರಗ ಬಂದಿಲ್ಲ?”

“ಇಲ್ಲ.”

“ಮತ್ತ ನನ್ನ ಮುಂದ ಗ್ವಾಡಿ ಹಿಡ್ಕೊಂಡ ಹೊಂಟಿದ್ದಾಕಿ ಯಾರ? ಹಿಂದಿಂದ ಬರೋಬ್ಬರಿ ನಿನ್ನಂಗೇ ಇದ್ಲು. ಆಕಿ ಸೆರಗ ನೋಡ್ಕೋತ ನಾ ಹಿಂದ ಹಿಂದ ತಿರುಗೀನಿ.”

“ಈಗ ಎಲ್ಲದಾಳ ಆಕಿ?”

“ಒಳಗ ಬಂದ್ಲಲ್ಲ ಯಕ್ಕಾ. ನನಕಿಂತ ಮೊದಲ.”

ಬೆಳಗಿನವರೆಗೆ ಇಬ್ಬರೂ ದೀಪ ಆರಿಸಲಿಲ್ಲ. ಇಡೀ ಮನೆ ಹುಡುಕಿದೆವು. ಇರುವುದೇ ಎರಡು ಅಂಕಣ. ಯಾರೂ ಇರಲಿಲ್ಲ.

ಮೇಡಂ ಬಂದಳು. ಸೀಳಿದ ಅರಿವೆ ನೋಡಿ ಮಲ್ಲವ್ವ ಅತ್ತಳು. ನಾನು ಇಲಿ ಕಡಿದಿದೆ ಎಂದೆ. ಮೇಡಂ ಹತ್ತಿರ ಹೋಗಿ, ದೂರ ಬಂದು, ತಲೆ ಓರೆ ಮಾಡಿ ನೋಡಿದಳು. “ಹಿಂಗೇ ಇರ್ಲಿ ಅಕ್ಕಾ. ಇದು ಇನ್ನೂ ಚಂದ ಆಗ್ಯದ” ಎಂದಳು! ಸೀಳಿನ ಸಮೇತ ಸುತ್ತಿ ಒಯ್ದಳು. ನನ್ನ ಕುಡುಗೋಲಿನ ಗೆರೆಯನ್ನೂ ಮಲ್ಲವ್ವನ ಹೆಸರಿಗೇ ಬರೆದರು. ಅಷ್ಟೆಲ್ಲಾ ಕಂಡ ಮೇಲೂ ನನ್ನ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಆ ವಾರ ಮಲ್ಲವ್ವ ಚಿತ್ರ ತೂಗುಹಾಕಿದ್ದನ್ನು ನೋಡಲು ಮೇಡಂ ಜೊತೆ ಯಾದಗಿರಿಗೆ ಹೋದಳು. “ನೀನೂ ಬಾ ಯಕ್ಕಾ” ಎಂದು ಮೂರು ಸಲ ಕರೆದಳು. “ಮರಿ ಯಾರ ನೋಡ್ತಾರ? ನೀ ಹೋಗಿ ಮೆರದು ಬಾ” ಎಂದೆ.

ಆ ರಾತ್ರಿ ಮನೆಯಲ್ಲಿ ನಾನೊಬ್ಬಳೇ. ಮರಿಗಳು ಒದರಲಿಲ್ಲ.

ಸರ್ರ್... ಸರ್ರ್...

ಹೊರಗಿನಿಂದಲ್ಲ. ಒಳಗೆ. ನನ್ನ ತಲೆದೆಸೆಯ ಗೋಡೆಯ ಮೇಲೆ.

ಎದ್ದು ಬಾಗಿಲು ಪೂರಾ ತೆರೆದೆ. “ಹೋಗವ್ವ, ಹೋಗು. ತೆರದೀನಿ” ಎಂದೆ. ಸಪ್ಪಳ ನನ್ನ ಕಡೆಗೇ ಬಂತು. ಬಾಗಿಲ ಹತ್ತಿರ ನಿಲ್ಲಲಿಲ್ಲ. ನನ್ನ ಎದೆಯ ಮುಂದೆ, ಗೋಡೆಯಿಲ್ಲದ ಕಡೆ ಸವರಿಕೊಂಡು, ದಾಟಿ ಹೋಯಿತು.

ಈಗಲೂ ಕೆಲವು ರಾತ್ರಿ ಬರುತ್ತದೆ. ಮಲ್ಲವ್ವನಿಗೆ ಕೇಳಿಸುವುದಿಲ್ಲ, ಪಕ್ಕದಲ್ಲೇ ಗೊರಕೆ ಹೊಡೆಯುತ್ತಿರುತ್ತಾಳೆ. ಆಕೆಗೆ ಹೇಳಿದರೆ ಏನಾದರೂ ಒಂದು ದಾರಿ ಕಂಡೀತು, ಚಿತ್ರ ಆಕೆಯದಲ್ಲವೇ? ಆದರೆ ಹೇಳಬೇಕೆಂದರೆ ದೊಡ್ಡಿಯ ಬಾಯಿ ಮುಚ್ಚಿದವಳು ನಾನೇ ಎಂದೂ ಹೇಳಬೇಕಾಗುತ್ತದೆ.

ಇನ್ನೂ ಹೇಳಿಲ್ಲ.