ಲೈಬ್ರರಿ ಮೇಜಿನ ಆಚೆ ಬದಿ

ಬೇಳೆ ಬೇಯುವ ಹೊತ್ತಿಗೆ ಸರಿಯಾಗಿ ಆ ಆನ್‌ಲೈನ್ ತರಗತಿಗಳು ಶುರುವಾಗುತ್ತವೆ. ಗ್ರಂಥಾಲಯದ ಕೆಲಸದಲ್ಲಿರುವವರಿಗಾಗಿ ಯಾರೋ ಒಬ್ಬ ಪ್ರೊಫೆಸರು ಎಲ್ಲಿಂದಲೋ ಮಾತಾಡುತ್ತಾರೆ. ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಕ್ಯಾಮೆರಾ ಆರಿಸಿ, ಒಗ್ಗರಣೆಯ ಸದ್ದು ಆಚೆ ಕೇಳದಂತೆ ಮೈಕು ಮುಚ್ಚಿ ನಿಲ್ಲುತ್ತೇನೆ. ಮೊದಲು ಎಲ್ಲರೂ ಹೆಸರು, ಹುದ್ದೆ, ಸಂಸ್ಥೆ ಬರೆಯಬೇಕು. ಪರದೆಯ ಮೇಲೆ ಕಾಲೇಜುಗಳ ಹೆಸರುಗಳು ಒಂದರ ಹಿಂದೊಂದು ಏರುತ್ತಾ ಹೋಗುತ್ತವೆ. ನಾನು ಹೆಸರಿನ ಪಕ್ಕದಲ್ಲಿ ಹೊಸೂರು ಎಂದಷ್ಟೇ ಬರೆಯುತ್ತೇನೆ.

"ಯಾರೇ ಅದು, ಇಷ್ಟೊತ್ತಿಂದ ಒಬ್ನೇ ಮಾತಾಡ್ತಾವ್ನೆ?" ಎಂದು ನಮ್ಮತ್ತೆ ನಡುಮನೆಯಿಂದಲೇ ಕೇಳುತ್ತಾರೆ.

"ಮೇಷ್ಟ್ರು ಅತ್ತೆ. ಪುಸ್ತಕ ಜೋಡ್ಸೋದು ಹೇಳ್ಕೊಡ್ತಾವ್ರೆ."

"ಪುಸ್ತಕ ಜೋಡ್ಸಕ್ಕೂ ಮೇಷ್ಟ್ರು ಬೇಕಾ? ಪಾತ್ರೆ ಜೋಡ್ಸೋದು ನಿಂಗ್ಯಾರು ಹೇಳ್ಕೊಟ್ರು?"

"ನೀವೇ."

"ಹಂಗಾರೆ ನಾನೂ ಮೇಷ್ಟ್ರು. ನಂಗೂ ಒಂದ್ ಸರ್ಟಿಫಿಕೇಟ್ ಕೊಡಕ್ಕೇಳು."

ಸರ್ಟಿಫಿಕೇಟುಗಳು ಬರುತ್ತವೆ, ಚಿನ್ನದ ಬಣ್ಣದ ಅಂಚಿನವು. ಫೋನಿನೊಳಗೇ ಇವೆ. ಮದುವೆಗೆ ಮುಂಚೆ ಅಂಚೆಯ ಮೂಲಕ ಓದಿ ಪಡೆದ ಲೈಬ್ರರಿ ಸೈನ್ಸ್ ಪದವಿಯೂ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇದೆ. ಕಾನ್ವೆಂಟಿನಲ್ಲಿದ್ದಾಗ ಲೈಬ್ರರಿ ಪೀರಿಯಡ್ಡಿನಲ್ಲಿ ಹಳೆಯ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುವ ಕೆಲಸವನ್ನು ಸಿಸ್ಟರ್ ನನಗೇ ಕೊಡುತ್ತಿದ್ದರು. ಮೂಲೆ ಮಡಿಸುವಾಗ ಅವರ ಬೆರಳು ನನ್ನ ಬೆರಳಿನ ಮೇಲೆ ಬಂದು ಒತ್ತುತ್ತಿತ್ತು. ಪರದೆಯ ಮೇಷ್ಟ್ರಿಗೆ ನನ್ನ ಬೆರಳು ಕಾಣುವುದಿಲ್ಲ. ಪಕ್ಕದಲ್ಲಿ ಕುಳಿತು ನನ್ನ ಕೆಲಸ ನೋಡಿ, ಇದು ಸರಿ, ಇದು ತಪ್ಪು ಎನ್ನುವವರು ಒಬ್ಬರು ಬೇಕೆಂದು ನಾನು ಎಷ್ಟೋ ವರ್ಷಗಳಿಂದ ಹಂಬಲಿಸುತ್ತಿದ್ದೆ. ಮನೆಯಲ್ಲಿ ಕೆಲಸಕ್ಕೆ ಹೋಗಬೇಡ ಎಂದವರಿಲ್ಲ. ಹೋಗು ಎಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ.

ಅಂಥವರೊಬ್ಬರು ಸಿಕ್ಕಿದ್ದು ಗಡಿಯಾಚೆ ತಮಿಳುನಾಡಿಗೆ ಸೇರಿದ ಈ ಹೊಸೂರಿನ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ. ಮಗಳು ತಂದಿದ್ದ ಪುಸ್ತಕ ಹಿಂದಿರುಗಿಸಲು ಹೋಗಿದ್ದೆ. ಹಿಂದಿನ ಗೋಡೆಯ ಕಪಾಟಿಗೆ 'ಇತರ ಭಾಷೆಗಳು' ಎಂದು ತಮಿಳಿನಲ್ಲಿ ಚೀಟಿ ಅಂಟಿಸಿತ್ತು. ಅದರಲ್ಲಿ ಕನ್ನಡ, ತೆಲುಗು ಪುಸ್ತಕಗಳು ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಕನ್ನಡದವು ಅರ್ಧಕ್ಕರ್ಧ ತಲೆಕೆಳಗಾಗಿದ್ದವು. ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಒಂದೊಂದಾಗಿ ತೆಗೆದು ನೆಟ್ಟಗೆ ನಿಲ್ಲಿಸತೊಡಗಿದೆ.

ಹಿಂದಿನಿಂದ ಗ್ರಂಥಪಾಲಕಿ ಬಂದು ನಿಂತದ್ದು ಅವರ ಬೀಗದ ಕೈಗಳ ಸದ್ದಿನಿಂದ ತಿಳಿಯಿತು. ಸೆರಗಿಗೆ ಪಿನ್ನು ಹಾಕಿ ಅದಕ್ಕೇ ಗೊಂಚಲು ಸಿಕ್ಕಿಸಿಕೊಂಡಿದ್ದರು. ಏನು ಮಾಡುತ್ತಿದ್ದೀರಿ ಎಂದು ತಮಿಳಿನಲ್ಲಿ ಕೇಳಿದರು. ನಾನು ತಮಿಳಿನಲ್ಲೇ ತಡವರಿಸಿದೆ. ಅವರ ಮುಖ ಸಡಿಲಾಯಿತು.

"ಕನ್ನಡದೋರಾ? ಮೊದ್ಲೇ ಹೇಳ್ಬಾರ್ದಾ."

"ನೀವೂನಾ?"

"ಜವಳಗಿರಿ ಪಕ್ಕ ಕಣಮ್ಮ. ಮನೇಲೆಲ್ಲಾ ಕನ್ನಡವೇ. ಓದಿದ್ದು ಮಾತ್ರ ತಮಿಳಲ್ಲಿ. ಮಾತು ಬತ್ತದೆ, ಅಕ್ಷರ ಬರಲ್ಲ. ಈ ಪುಸ್ತಕಗಳ ತಲೆ ಯಾವ್ದು, ಕಾಲ್ ಯಾವ್ದು ಅಂತ ನಂಗೊತ್ತಾಗಲ್ಲ." ನಗುತ್ತಲೇ ಹೇಳಿದರು. ಆದರೆ ನಾನು ಸರಿಮಾಡಿದ ಒಂದು ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು, ಮಗುವಿನ ಹಣೆ ಸವರುವ ಹಾಗೆ.

ಅಂದಿನಿಂದ ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಮಗಳು ಕಾಲೇಜಿನಿಂದ ಬರುವವರೆಗೆ ಅಲ್ಲಿಗೆ ಹೋಗುವುದು ನನಗೆ ರೂಢಿಯಾಯಿತು. ಮೇಜಿನ ಆಚೆ ಬದಿಯಲ್ಲಿ, ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದೆ. ನನ್ನ ಚೀಲ ಮೇಜಿನ ಕೆಳಗೆ, ಅವರ ಊಟದ ಡಬ್ಬಿಯ ಜೊತೆ ಇರುತ್ತಿತ್ತು. ಅವರು ನನಗೆ ಕಸುಬು ಕಲಿಸಿದರು, ನಾನು ಅವರಿಗೆ ಅಕ್ಷರ.

"ತಮಿಳಲ್ಲಿ ಒಂದೇ ಒಂದು 'ಕ' ಇಟ್ಕೊಂಡು ಇಷ್ಟು ವರ್ಷ ಬಾಳು ಮಾಡ್ದೆ," ಎಂದು ಅವರು ರಾಗ ಎಳೆಯುತ್ತಿದ್ದರು. "ನಿಮ್ಗೆ ಕ, ಖ, ಗ, ಘ ಅಂತ ನಾಲ್ಕು ಯಾಕೆ?"

"ದೊಡ್ಡ ಸಂಸಾರ ಮೇಡಂ."

ದಿನಕ್ಕೊಂದು ಸಾಲು ಪುಸ್ತಕಗಳ ಮೇಲೆ ಬೆರಳು ಓಡಿಸಿ, ಬೆನ್ನ ಮೇಲಿನ ಸಂಖ್ಯೆಗಳು ಕ್ರಮವಾಗಿವೆಯೇ ಎಂದು ನೋಡುವುದು ಅವರ ಪದ್ಧತಿ. "ಜಾಗ ತಪ್ಪಿದ ಪುಸ್ತಕ ಕಳ್ದೋದ್ ಪುಸ್ತಕಾನೇ" ಎನ್ನುವರು. ವಿಷಯಕ್ಕೊಂದು ಸಂಖ್ಯೆ, ಆ ಸಂಖ್ಯೆಯ ಪ್ರಕಾರ ಕಪಾಟಿನಲ್ಲಿ ಜಾಗ. ಹೊಸ ಪುಸ್ತಕಕ್ಕೆ ಯಾವ ವಿಷಯದ ಸಂಖ್ಯೆ ಕೊಡಬೇಕು ಎಂಬುದನ್ನು ಮೊದಲು ನನ್ನಿಂದಲೇ ಹೇಳಿಸುತ್ತಿದ್ದರು. ಒಮ್ಮೆ ಆನೆಗಳ ಕುರಿತ ಪುಸ್ತಕ ಬಂತು. ನಾನು ಧೈರ್ಯವಾಗಿ ಪ್ರಾಣಿಗಳ ಸಂಖ್ಯೆ ಬರೆದೆ.

"ಯಾರು ಹುಡುಕ್ಕೊಂಡ್ ಬತ್ತಾರೆ ಇದನ್ನ?"

"ಆನೆ ಅಂದ್ರೆ ಇಷ್ಟ ಇರೋರು."

"ಸಾನಮಾವು ಕಾಡಿನ ಕಡೆಯೋರು ಆನೆ ಇಷ್ಟ ಅಂತ ಬತ್ತಾರಾ? ಹೊಲದಾಗೆ ತಮಟೆ ಬಡ್ದು ಬಡ್ದು ಸಾಕಾಗಿ, ಇಲ್ಲಿ ಬಂದು ಆನೆ ಚಿತ್ರ ನೋಡ್ತಾ ಕೂತ್ಕತಾರಾ? ಒಳಗಡೆ ಏನೈತೆ ನೋಡಿ ಮೊದ್ಲು."

ಪುಟ ತಿರುಗಿಸಿದೆ. ಕಂದಕ, ಬೇಲಿ, ಒಣಮೆಣಸಿನ ಹೊಗೆ, ರಾಗಿ ತೆನೆ ಬರುವ ಕಾಲದ ಕಾವಲು. ನಾನು ಬರೆದದ್ದನ್ನು ಅವರು ಪೆನ್ಸಿಲಿನಲ್ಲಿ ಹೊಡೆದು ಬೇಸಾಯದ ಸಂಖ್ಯೆ ಹಾಕಿದರು. ಹೀಗೆ ಸಂಖ್ಯೆ ಹಾಕುವುದರ ಕುರಿತ ಆನ್‌ಲೈನ್ ತರಗತಿಯನ್ನು ನಾನು ಪೂರ್ತಿ ಕೇಳಿದ್ದೆ, ಸರ್ಟಿಫಿಕೇಟೂ ಇತ್ತು. ತಲೆಗೆ ಹೋದದ್ದು ಮಾತ್ರ ಆ ಪೆನ್ಸಿಲ್ ಗೀಟಿನಿಂದ. ಅಂದು ಮನೆಗೆ ನಡೆದು ಬರುವಾಗ ನನ್ನಷ್ಟು ಸುಖಿ ಬೇರೆ ಯಾರೂ ಇಲ್ಲವೆನಿಸಿತ್ತು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವರು ಹೊಸ ಸುದ್ದಿ ಹೇಳಿದರು. ಅನುಭವಿ ಗ್ರಂಥಪಾಲಕರು ಒಬ್ಬೊಬ್ಬ ಹೊಸಬರನ್ನು ವರ್ಷವಿಡೀ ಜೊತೆಗಿಟ್ಟುಕೊಂಡು ತಯಾರು ಮಾಡುವ ಯೋಜನೆಯೊಂದು ಶುರುವಾಗುತ್ತಿದೆ, ಜಿಲ್ಲಾ ಕೇಂದ್ರವಾದ ಕೃಷ್ಣಗಿರಿಯಲ್ಲಿ ಸಭೆ, ಮುಗಿಸಿದವರಿಗೆ ಶಾಲಾ ಲೈಬ್ರರಿಗಳಲ್ಲಿ ಕೆಲಸ ಸಿಗಲೂಬಹುದು.

"ನಿಮ್ ಹೆಸ್ರು ಕೊಟ್ಬುಟ್ಟೆ," ಎಂದರು. "ನಾನು ರಿಟೈರ್ ಆಗೋದ್ರೊಳಗೆ ನಿಮ್ಮನ್ನ ಒಂದು ಕುರ್ಚೀಲಿ ಕೂರಿಸ್ಬೇಕು."

ಆ ರಾತ್ರಿ ಸಾರಿಗೆ ಉಪ್ಪು ಹಾಕಲು ಮರೆತೆ. ಯಜಮಾನರು ಉಪ್ಪಿನ ಡಬ್ಬಿ ಹತ್ತಿರ ಎಳೆದುಕೊಂಡು, "ಹೋಗ್ಬಾ, ಸಂಜೆ ನಾನೇ ಬೇಗ ಬತ್ತೀನಿ" ಎಂದರು. ಅತ್ತೆ, "ಕಡೆಗೂ ಆ ಒಬ್ನೇ ಮಾತಾಡೋ ಮೇಷ್ಟ್ರು ಕರೆಸ್ಕೊಂಡ್ನಾ?" ಎಂದರು.

ಕೃಷ್ಣಗಿರಿಯ ಆ ಸಭಾಂಗಣದ ಕಿಟಕಿಯಿಂದ ಕೋಟೆಯ ಬಂಡೆ ಕಾಣುತ್ತಿತ್ತು. ಒಳಗೆ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯರು, ಹೊಸ ಪೆನ್ನುಗಳು, ವಡೆಯ ವಾಸನೆ. ನಾನು ಇಸ್ತ್ರಿ ಮಾಡಿದ ಹತ್ತಿ ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ನೋಡಿಕೊಂಡೆ. ಬಾಗಿಲ ಬಳಿಯ ಮೇಜಿನಲ್ಲಿದ್ದ ಅಧಿಕಾರಿ ಯಾವ ಲೈಬ್ರರಿ ಎಂದು ತಮಿಳಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೇಡಂ, "ನಮ್ಮ ಲೈಬ್ರರೀನೇ, ದಿನಾ ಬರ್ತಾರೆ" ಎಂದರು.

"ಓದುಗರಾ?"

ಮೇಡಂ ವಿವರಿಸಿದರು. ಅಧಿಕಾರಿ ತಾಳ್ಮೆಯಿಂದ ಕೇಳಿದರು. ಯೋಜನೆ ಕೆಲಸದಲ್ಲಿರುವವರಿಗೆ, ಇಲ್ಲವೇ ಕೆಲಸಕ್ಕೆ ಸೇರುವ ವಯಸ್ಸು ಇನ್ನೂ ಮೀರದವರಿಗೆ ಎಂದರು. ನನ್ನ ವಯಸ್ಸನ್ನು ಕೇಳಲಿಲ್ಲ. ಅದು ಅವರ ಸೌಜನ್ಯ. "ಕುಳಿತು ಕೇಳಿ ಅಮ್ಮಾ, ಊಟ ಮಾಡಿಕೊಂಡೇ ಹೋಗಬೇಕು" ಎಂದು ಫ್ಯಾನಿನ ಕೆಳಗಿನ ಕುರ್ಚಿ ತೋರಿಸಿದರು. ಮಧ್ಯಾಹ್ನ ಜೋಡಿಗಳ ಹೆಸರು ಓದಿದಾಗ ನಮ್ಮ ಮೇಡಂಗೆ ಬೇರಿಕೆ ಊರ ಕಡೆಯ ಒಬ್ಬ ಹುಡುಗಿಯನ್ನು ಕೊಟ್ಟರು. ಅವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. ಎದ್ದು ಹೋಗುವಾಗ ತನ್ನ ನೀರಿನ ಬಾಟಲಿ ನೋಡಿಕೊಳ್ಳಿ ಎಂದು ನನಗೇ ಕೊಟ್ಟು ಹೋದಳು.

ಹಿಂತಿರುಗುವ ಬಸ್ಸು ಶೂಲಗಿರಿ ದಾಟಿತು. ಮುಂದೆ ಕರ್ನಾಟಕದ ಲಾರಿಯೊಂದು ಹೋಗುತ್ತಿತ್ತು. ಮೇಡಂ ಕನ್ನಡಕ ಏರಿಸಿ ಅದರ ಹಿಂಬದಿಯನ್ನು ಬಿಡಿಸತೊಡಗಿದರು. "ತಾ... ಯಿ... ಯ... ಆ... ಶೀ..." ಅಷ್ಟರಲ್ಲಿ ಲಾರಿ ಪಕ್ಕದ ರಸ್ತೆಗೆ ತಿರುಗಿತು.

"ಹೋಗ್ಬುಟ್ಟ ಕಣಮ್ಮ. ಆಶೀರ್ವಾದ ಅರ್ಧಕ್ಕೇ ನಿಂತೋಯ್ತು."

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಕಿಟಕಿಯ ಕಡೆ ತಿರುಗಿದೆ.

"ವಯಸ್ಸಿನ ವಿಷ್ಯ ನಾನೇ ಮೊದ್ಲು ಕೇಳ್ಬೇಕಿತ್ತು," ಎಂದರು.

"ಕೇಳಿದ್ರೆ ನಾವು ಬರ್ತಾನೇ ಇರ್ಲಿಲ್ಲ ಮೇಡಂ. ಒಂದಿನಾನಾದ್ರೂ ಅಲ್ಲಿ ಕೂತಿದ್ನಲ್ಲ."

ಮುಂದಿನ ವಾರ ಆ ಹುಡುಗಿ ಬಂದಳು. ಚುರುಕು, ಮೃದು ಮಾತು. ಮನೆಯಲ್ಲಿ ತೆಲುಗು, ಉಳಿದೆಡೆ ತಮಿಳು, ನನ್ನೊಡನೆ ತುಸು ಕನ್ನಡ. ನನ್ನ ಕುರ್ಚಿಯಲ್ಲಿ ಕುಳಿತಿದ್ದಳು. ಅದನ್ನು ನನ್ನ ಕುರ್ಚಿ ಎಂದು ಯಾರೂ ಹೇಳಿರಲಿಲ್ಲ. ನಾನು ಎಂದಿನಂತೆ ಮೇಜಿನ ಆಚೆ ಹೋಗುವಾಗ ಅವಳು, "ಆಂಟಿ, ಬ್ಯಾಗು ಬಾಗ್ಲತ್ರ ಇಡ್ಬೇಕು" ಎಂದಳು. ಓದುಗರಿಗಿರುವ ನಿಯಮ ಅದು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಮೇಡಂ ಒಳಗೆ ಫೋನಿನಲ್ಲಿದ್ದರು. ನಾನು ಚೀಲವನ್ನು ಬಾಗಿಲ ಬಳಿಯ ಗೂಡಿನಲ್ಲಿಟ್ಟು, ಓದುಗರ ಬೆಂಚಿನಲ್ಲಿ ಕುಳಿತೆ. ಅಲ್ಲಿಂದ ನೋಡಿದರೆ ಆ ಮೇಜು ಎಷ್ಟು ಅಗಲ ಎಂದು ಮೊದಲ ಸಲ ತಿಳಿಯಿತು.

ಹಾಗೆಯೇ ಕೆಲವು ಮಧ್ಯಾಹ್ನಗಳು ಕಳೆದವು. ಪತ್ರಿಕೆ ಹಿಡಿದಿರುತ್ತಿದ್ದೆ, ಕಿವಿ ಮಾತ್ರ ಮೇಜಿನ ಕಡೆ. ಮೇಡಂ ನನ್ನನ್ನು ನೋಡಿ ಕಣ್ಣಲ್ಲೇ ಮಾತಾಡಿಸುವರು. ಆದರೆ ಆ ಹೊತ್ತು ಈಗ ಹುಡುಗಿಯದು, ಅವಳ ವಾರದ ಪಾಠಗಳನ್ನು ಕೃಷ್ಣಗಿರಿಗೆ ತಿಳಿಸಬೇಕಿತ್ತು. ಒಂದು ದಿನ ಕನ್ನಡ ಪುಸ್ತಕಗಳ ಪೆಟ್ಟಿಗೆ ಬಂತು. ಹುಡುಗಿ ಒಂದನ್ನೆತ್ತಿ ಇದರ ಹೆಸರೇನು ಎಂದು ಕೇಳಿದಳು. ನಾನು ಬೆಂಚಿನಿಂದ ಅರ್ಧ ಎದ್ದೆ. ಅಷ್ಟರಲ್ಲಿ ಮೇಡಂ ಪುಸ್ತಕವನ್ನು ಕಣ್ಣಿನ ಹತ್ತಿರ ತಂದು, ನಿಧಾನವಾಗಿ, ಒಂದಕ್ಷರವೂ ತಪ್ಪದೆ ಹೆಸರು ಓದಿದರು. ಓದಿ ನನ್ನ ಕಡೆ ನೋಡಿದರು. ನಾನು ಸರಿ ಎಂದು ತಲೆಯಾಡಿಸಿದೆ. ಅವರಿಗೆ ನಾಚಿಕೆಯೂ ಹೆಮ್ಮೆಯೂ ಬಂದಂತಿತ್ತು. ನನಗೂ ಹೆಮ್ಮೆಯಾಯಿತು. ಜೊತೆಗೆ, ಇನ್ನು ಆ ಪೆಟ್ಟಿಗೆಗೂ ನಾನು ಬೇಕಿಲ್ಲ ಎಂದು ಒಳಗೆಲ್ಲೋ ಖಾಲಿಯಾಯಿತು.

ಎದ್ದೇ ಇದ್ದೆನಲ್ಲ, ಮತ್ತೆ ಕೂರಲಿಲ್ಲ. ಮೇಜಿನ ಈಚೆ ಬದಿಗೆ ಹೋಗಿ ನಿಂತೆ.

"ಮೇಡಂ, ನಂಗೂ ನಾಲ್ಕು ಪುಸ್ತಕ ಕೊಡಿ."

"ಓದಕ್ಕಾ?"

"ಅಲ್ಲ. ನಂಬರ್ ಹಾಕಕ್ಕೆ."

ಅವರು ಕನ್ನಡಕದ ಮೇಲಿಂದ ನೋಡಿದರು. "ಸಂಬಳ ಇಲ್ಲ, ಸರ್ಟಿಫಿಕೇಟ್ ಇಲ್ಲ, ಕುರ್ಚೀನೂ ಇಲ್ಲ ಕಣಮ್ಮ."

"ಗೊತ್ತು."

"ತಪ್ಪಿದ್ರೆ ಬೈತೀನಿ."

"ಅದಕ್ಕೇ ಕೇಳ್ತಿರೋದು."

ಹುಡುಗಿ ನಮ್ಮಿಬ್ಬರನ್ನೂ ನೋಡಿ ಒಂದು ಪೆನ್ಸಿಲನ್ನು ನನ್ನ ಕಡೆ ಉರುಳಿಸಿದಳು. ಬೆಂಚನ್ನು ಎಳೆದುಕೊಂಡು ಓದುಗರ ಬದಿಯಲ್ಲೇ ಕುಳಿತೆ. ಮೇಡಂ ಕೊಟ್ಟ ಮೊದಲ ಪುಸ್ತಕದ ಒಳಗೆಲ್ಲಾ ನೋಡಿ ಸಂಖ್ಯೆ ಬರೆದು ಆಚೆ ತಳ್ಳಿದೆ. ಮೇಡಂ ಅದರ ಮೇಲೆ ಗೀಟು ಎಳೆದು, "ಇನ್ನೊಂದ್ಸಲ ನೋಡಿ" ಎಂದು ಹಿಂದಕ್ಕೆ ತಳ್ಳಿದರು. ಮತ್ತೆ ಬರೆದು ಕೊಟ್ಟೆ. ಅಷ್ಟರಲ್ಲಿ ಹುಡುಗಿಯ ಕಂಪ್ಯೂಟರಿನಲ್ಲಿ ಏನೋ ತೊಡಕಾಗಿ ಅವರು ಅವಳ ಕಡೆ ತಿರುಗಿದರು. ನನ್ನ ಪುಸ್ತಕ ಅವರ ಮೊಣಕೈಯ ಪಕ್ಕದಲ್ಲಿತ್ತು. ಮಗಳು ಮನೆಗೆ ಬರುವ ಹೊತ್ತಾಗುತ್ತಿತ್ತು. ಸರಿಯೋ ತಪ್ಪೋ ಅವರೇ ಹೇಳಲಿ ಎಂದು ನಾನು ಕಾಯುತ್ತಾ ಕುಳಿತೆ.