ಗೋಡೆಯ ಕಡೆಗೆ ನಡೆಯುತ್ತಿದ್ದ ಕುರ್ಚಿ

ನರ್ಸಮ್ಮನ ಬಲಗಾಲಿನ ಹೆಬ್ಬೆರಳು ಎಡಗಾಲಿನದಕ್ಕಿಂತ ದಪ್ಪಗಿತ್ತು. ಅದರ ಅಡಿಯ ಚರ್ಮ ಒರಟಾಗಿ, ಹಳೆಯ ಚಪ್ಪಲಿಯ ತೊಗಲಿನ ಬಣ್ಣಕ್ಕೆ ತಿರುಗಿತ್ತು. ತೂಗುಕುರ್ಚಿಯಲ್ಲಿ ಕುಳಿತು ವರ್ಷಗಟ್ಟಲೆ ಅದೇ ಬೆರಳಿನಿಂದ ನೆಲವನ್ನು ಮೀಟಿದ್ದರ ಗುರುತು ಅದು. ನೆಲಕ್ಕೂ ಗುರುತು ಬಿದ್ದಿತ್ತು. ಅವರ ಮನೆಯ ಕೆಂಪು ಗಾರೆಯ ಮೇಲೆ ನಡುಮನೆಯಿಂದ ಹೊರಟ ಒಂದು ಮಾಸಲು ಪಟ್ಟೆ ನಮ್ಮ ಗೋಡೆಯವರೆಗೂ ಬಂದು ನಿಲ್ಲುತ್ತಿತ್ತು.

ಕೊಳ್ಳೇಗಾಲದ ನನ್ನ ತವರುಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಲೇ ವಯಸ್ಸು ಕಳೆದು ನಿವೃತ್ತರಾಗಿದ್ದ ಅವರು ಬೀದಿಗೆಲ್ಲ ನರ್ಸಮ್ಮ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಬಾಯಿಗೇನೂ ಬೀದಿಯಲ್ಲಿ ಬರವಿರಲಿಲ್ಲ. ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಪುರ್ಸೊತ್ತಾಗ್ಲಿಲ್ಲ ಕಣವ್ವ. ನಿಮ್ ಮಕ್ಳ ಇಳಿಸ್ಕೊಳ್ಳೋದ್ರಲ್ಲೇ ಒತ್ತೋಯ್ತು."

ತೂಗುಕುರ್ಚಿ ನಮ್ಮ ಕಡೆಯ ಸಾಮಾನಲ್ಲ. ತೂಗುವುದಕ್ಕೆ ನಮಗೆ ತೊಟ್ಟಿಲಿತ್ತು, ಉಳ್ಳವರ ಮನೆಯಲ್ಲಿ ಉಯ್ಯಾಲೆಮಣೆ ಇತ್ತು. ಕುರ್ಚಿಯೆಂದರೆ ಬಂದ ನೆಂಟರು ನೆಟ್ಟಗೆ ಕೂತು ಕಾಫಿ ಕುಡಿದು ಹೋಗುವುದಕ್ಕೆ. ದೊಡ್ಡವರು ಕೂತು ಮಗುವಿನ ಹಾಗೆ ಹಿಂದೆ ಮುಂದೆ ಆಡುವ ಇಂಥದೊಂದು ಕುರ್ಚಿ ಹುಟ್ಟಿದ್ದು ಯಾವ ದೇಶದಲ್ಲೋ. ನಮ್ಮ ಸೀಮೆಗೆ ಅದನ್ನು ತಂದವರು ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ಬೆಳೆಯಲು ಬಂದ ದೊರೆಗಳಿರಬೇಕು. ದೊರೆಗಳು ಹೋದರು, ಕುರ್ಚಿ ತೋಟದ ಬಂಗಲೆಯ ಜಗುಲಿಯಲ್ಲೇ ಉಳಿಯಿತು. ಹರೆಯದಲ್ಲಿ ಬೆಟ್ಟದ ಮೇಲೆ ಕೆಲಸಕ್ಕಿದ್ದ ನರ್ಸಮ್ಮ ಆ ತೋಟದ ಲೆಕ್ಕ ಬರೆಯುವ ರೈಟರ ಹೆಂಡತಿಗೆ ಕಷ್ಟದ ಹೆರಿಗೆ ಮಾಡಿಸಿದರು. ಏನು ಬೇಕು ಕೇಳಿ ಎಂದಾಗ ಸೀರೆ ಕೇಳಲಿಲ್ಲ, ಕುರ್ಚಿ ತೋರಿಸಿದರು.

ಅದು ಕಾಫಿ ಮೂಟೆಗಳ ಜೊತೆ ಲಾರಿಯಲ್ಲಿ ಯಳಂದೂರಿಗೆ ಇಳಿದು, ಅಲ್ಲಿಂದ ಬಸ್ಸಿನ ಮೇಲೇರಿ ಕೊಳ್ಳೇಗಾಲಕ್ಕೆ ಬಂತು. ಇಳಿಸುವಾಗ ಕ್ಲೀನರ್ ಕೈಜಾರಿಸಿ ಅದರ ಕಾಲ ಕೆಳಗಿನ ಬಾಗು ಪಟ್ಟಿಯೊಂದನ್ನು ಮುರಿದ. ಬಡಗಿ ಬೇರೆ ಮರ ಸೇರಿಸಿ ಕೂಡಿಸಿದ. ಅವತ್ತಿನಿಂದ ಅದಕ್ಕೆ ಒಂದು ಕಡೆ ಚೂರು ಕುಂಟು. ಹಾಗಾಗಿ ತೂಗುತ್ತ ತೂಗುತ್ತ ಕುರ್ಚಿ ಎಡಕ್ಕೆ ಸರಿಯುತ್ತಿತ್ತು. ಬೆಳಿಗ್ಗೆ ನಡುಮನೆಯಲ್ಲಿ ಕೂತರೆ ಸಂಜೆಗೆ ನಮ್ಮ ಗೋಡೆಯ ಪಕ್ಕ ಇರುತ್ತಿದ್ದರು. "ನಂಗೆ ಮಂಡಿನೋವು, ನಡಿಯಾಕಾಗಲ್ಲ. ಅದ್ಕೆ ಕುರ್ಚೀನೇ ನಡ್ಸ್ಕೊಂಡ್ ನಿಮ್ಮನೆಗ್ ಬತ್ತಿದ್ದೀನಿ" ಎಂದು ನಗುತ್ತಿದ್ದರು. ಆ ಕಿರುಗುಟ್ಟುವ ಸದ್ದು ಗೋಡೆಯಾಚೆಯಿಂದ ನಮಗೆ ಕೇಳುತ್ತಿತ್ತು. ಮಧ್ಯಾಹ್ನ ಸದ್ದಿಲ್ಲದಿದ್ದರೆ ನನ್ನ ಅವ್ವ ಸೌಟು ಕೆಳಗಿಟ್ಟು ಹೋಗಿ ಬಾಗಿಲು ಬಡಿಯುತ್ತಿದ್ದಳು.

ನರ್ಸಮ್ಮ ಕುರ್ಚಿಯಿಂದ ಎದ್ದವರೇ ಹೊರಟುಬಿಡುತ್ತಿರಲಿಲ್ಲ. ಅದರ ಕೈ ಹಿಡಿದು, ಆಡುವುದು ಪೂರ್ತಿ ನಿಂತ ಮೇಲೆ ಹೆಜ್ಜೆ ತೆಗೆಯುತ್ತಿದ್ದರು. ನಮ್ಮಲ್ಲಿ ಬರೀ ತೊಟ್ಟಿಲು ತೂಗಬಾರದು. ತೂಗಿದರೆ ಕೂಸಿಗೆ ಕೆಡುಕು. ಬೀದಿಯ ಹೆಂಗಸರು ಈ ಕಟ್ಟುಪಾಡನ್ನು ಕುರ್ಚಿಗೂ ವಿಸ್ತರಿಸಿದ್ದರು. ನರ್ಸಮ್ಮನಿಗೆ ಅದರಲ್ಲಿ ನಂಬಿಕೆ ಇತ್ತೋ ಇಲ್ಲವೋ ನಾನರಿಯೆ. ಆದರೆ ಬಸುರಿಯರಿರುವ ಬೀದಿಯಲ್ಲಿ ಯಾರ ಮನಸ್ಸಿಗೂ ಕಸಿವಿಸಿ ಮಾಡುವವರಲ್ಲ ಅವರು.

ನಾನು ಹನೂರಿನ ಗಂಡನ ಮನೆಯಿಂದ ಚೊಚ್ಚಲು ಹೆರಿಗೆಗೆ ತವರಿಗೆ ಬಂದೆ. ಅವ್ವ ಅಟ್ಟದಿಂದ ತೊಟ್ಟಿಲು ಇಳಿಸಿ, ತೊಳೆದು, ಎಣ್ಣೆ ಹಚ್ಚಿ ಇಟ್ಟಿದ್ದಳು. ದಿನ ತುಂಬಿದ ಹೆಣ್ಣುಕೂಸು ಹೊಟ್ಟೆಯಲ್ಲೇ ಹೋಗಿತ್ತು. ಆಪರೇಷನ್ ಆಗಿ ನನಗೆ ಪೂರ್ತಿ ಎಚ್ಚರವಾಗುವ ಹೊತ್ತಿಗೆ ಚಿಕ್ಕಪ್ಪ ಅದನ್ನು ಮಧುವನಹಳ್ಳಿಯ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದಿದ್ದರು. ಅದರ ಮುಖ ನಾನು ನೋಡಲಿಲ್ಲ. ನೋಡಿದ್ದವಳು ಅವ್ವ. ಮನೆಗೆ ಬಂದಾಗ ತೊಟ್ಟಿಲು ಮತ್ತೆ ಅಟ್ಟ ಸೇರಿತ್ತು, ಕೂಸಿನ ಮಾತೂ ಅದರ ಜೊತೆಗೇ. ಅವ್ವ ನನಗೆ ಬಿಸಿನೀರು ಹಾಕಿದಳು, ಪಥ್ಯದ ಅಡಿಗೆ ಮಾಡಿದಳು, ತಲೆಗೆ ಬಟ್ಟೆ ಕಟ್ಟಿದಳು. ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿದಳು, ಒಂದು ಮಾತು ಬಿಟ್ಟು. ಆ ಮೌನದಲ್ಲಿ ನನಗೆ ಕೂಸು ಹುಟ್ಟಿದ್ದೇ ಸುಳ್ಳೇನೋ ಅನ್ನಿಸತೊಡಗಿತ್ತು.

ಒಂದು ಮಧ್ಯಾಹ್ನ ಜಗುಲಿಯ ಕಂಬ ಹಿಡಿದು ನಿಂತಿದ್ದೆ. ನರ್ಸಮ್ಮ ತಮ್ಮ ಬಾಗಿಲಿನಿಂದ ನನ್ನನ್ನೇ ನೋಡುತ್ತಿದ್ದು, "ನಿಂತಲ್ಲೇ ತೂಗ್ತಾ ಇದ್ದೀಯಲ್ಲ ಮಗ" ಎಂದರು. ನನಗೆ ತಿಳಿದೇ ಇರಲಿಲ್ಲ. ನನ್ನ ಮೈ ತಾನಾಗಿ ಅತ್ತಿತ್ತ ಆಡುತ್ತಿತ್ತು.

ಕೈಹಿಡಿದು ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದರು. ತಾವು ನೆಲದ ಮೇಲೆ ಕಾಲು ಚಾಚಿ ಕೂತರು.

"ಹೆತ್ತ ಮೈಗೆ ತೂಗ್ಬೇಕು ಅನ್ನಿಸ್ತದೆ. ಕೂಸಿಲ್ಲ ಅಂತ ಅದ್ಕೇನ್ ಗೊತ್ತು? ನಂಗೂ ಅಂಗೇ ಆಯ್ತಿತ್ತು. ಇಳಿಸ್ಕೊಂಡ್ ಕೂಸ್ನ ಒರಸಿ, ಬಟ್ಟೇಲ್ ಸುತ್ತಿ, ಒಂದ್ಗಳಿಗೆ ಎದೆಗಿಟ್ಕೊಂಡ್ ತೂಗಿ ಅವರವ್ವಂಗೆ ಕೊಟ್ಬುಡ್ತಿದ್ದೆ. ಬಸ್ಸತ್ತಿ ಮನೆಗ್ ಬಂದ್ರೂ ಮೈ ತೂಗೋದ್ ಬುಡ್ತಿರ್ಲಿಲ್ಲ. ನಿಂತಲ್ಲೇ ತೂಗ್ತಾ ಇದ್ರೆ ಜನ ಏನಂದಾರು? ಅದ್ಕೇ ಈ ಕುರ್ಚಿ ಈಸ್ಕೊಂಡೆ."

ನನ್ನತ್ತ ತಲೆಯೆತ್ತಿ ಕೇಳಿದರು: "ಕೂಸ್ಗೆ ಕೂದ್ಲಿತ್ತಾ?"

ಅಲ್ಲಿಯವರೆಗೆ ನನ್ನ ಕೂಸಿನ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಿರಲಿಲ್ಲ. "ನಂಗೆ ತೋರಿಸ್ಲಿಲ್ಲ. ಅವ್ವ ನೋಡವ್ಳೆ, ಯೋಳಲ್ಲ" ಎಂದೆ. ಅಷ್ಟು ಹೇಳುವುದರೊಳಗೆ ಬಿಕ್ಕಿ ಬಿಕ್ಕಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಕುರ್ಚಿ ನಿಲ್ಲದ ಹಾಗೆ ಕೆಳಗಿನಿಂದಲೇ ಅದರ ಪಟ್ಟಿಯನ್ನು ಮೆಲ್ಲಗೆ ನೂಕುತ್ತಿದ್ದರು.

"ನೀ ಕೇಳ್ಬ್ಯಾಡ. ಕಿತ್ತು ತೆಗ್ಯೋ ಮಾತಲ್ಲ ಅದು. ಒಂದಿನ ತಾನೇ ಯೋಳ್ತಾಳೆ" ಎಂದರು.

ಆಮೇಲೆ ನನಗೆ ಮಕ್ಕಳಾಗಲಿಲ್ಲ. ಹನೂರಿನ ಮನೆಯಲ್ಲಿ ಯಾರೂ ನನ್ನನ್ನು ಚುಚ್ಚಿ ಆಡಿದವರಲ್ಲ. ಆದರೂ ತುಂಬಿದ ಮನೆಯಲ್ಲಿ ಒಬ್ಬಳೇ ಇದ್ದ ಹಾಗಿರುತ್ತಿತ್ತು. ತವರಿಗೆ ಬಂದರೆ ಬ್ಯಾಗು ಜಗುಲಿಯ ಮೇಲಿಟ್ಟು ಮೊದಲು ಗೋಡೆಯಾಚೆಯ ಮನೆಗೆ ಹೋಗುತ್ತಿದ್ದೆ. ನರ್ಸಮ್ಮ ನನ್ನನ್ನು ಕಂಡರೆ ಕುರ್ಚಿ ಬಿಟ್ಟು ಏಳುತ್ತಿದ್ದರು. ಮಾತು ಹೆಚ್ಚೇನಿರುತ್ತಿರಲಿಲ್ಲ. ಅವರು ಸೊಪ್ಪು ಬಿಡಿಸುವರು, ನಾನು ತೂಗಿಕೊಳ್ಳುವೆ. ಅವ್ವ ಉಪ್ಪುಸಾರು, ಮುದ್ದೆ ಹಿಡಿದು ಅಲ್ಲಿಗೇ ಬರುವಳು. ಎಷ್ಟು ಕರೆದರೂ ಅವಳು ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. "ಒಲೆ ಮೇಲೆ ಹಾಲದೆ" ಎಂದು ಹೊರಟುಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಹಾಲು ಯಾವಾಗಲೂ ಒಲೆಯ ಮೇಲೆಯೇ ಇರುತ್ತಿತ್ತು.

ಹೋದ ವರ್ಷ ನರ್ಸಮ್ಮ ಹಾಸಿಗೆ ಹಿಡಿದರು. ನೋಡಲು ಹೋದಾಗ ಕುರ್ಚಿಯ ಕಡೆ ಕಣ್ಣು ಹೊರಳಿಸಿ, "ಅದು ನಿಮ್ಮನೆಗೆ. ನಿಂಗಲ್ಲ ಮಗ, ನಿಮ್ಮವ್ವಂಗೆ" ಎಂದರು. ನನ್ನ ಮುಖ ಸಪ್ಪಗಾದದ್ದು ಕಂಡಿರಬೇಕು. "ನೀ ಕುಂತಾಯ್ತು. ಅವ್ಳಿನ್ನೂ ಕುಂತಿಲ್ಲ" ಎಂದರು. ನನಗೆ ಒಳಗೊಳಗೇ ಸಿಟ್ಟು ಬಂತು. ಅಷ್ಟು ವರ್ಷ ಅದರಲ್ಲಿ ಕೂತವಳು ನಾನು. ಕೊಟ್ಟದ್ದು ಕಣ್ಣೆತ್ತಿ ನೋಡದವಳಿಗೆ.

ಅವರು ತೀರಿಕೊಂಡಾಗ ಅವರ ಕೈಯಲ್ಲಿ ಹುಟ್ಟಿದ ಗಂಡಸರೇ ಹೆಗಲು ಕೊಟ್ಟರು. ಎಲ್ಲ ಮುಗಿದ ಮೇಲೆ ಅವರ ಅಣ್ಣನ ಮಗ ಕುರ್ಚಿಯನ್ನು ನಮ್ಮ ನಡುಮನೆಗೆ ತಂದಿಟ್ಟ. ಅವ್ವ ಹಗ್ಗ ತಂದು ಅದನ್ನು ಕಿಟಕಿಯ ಸರಳಿಗೆ ಬಿಗಿದಳು. "ಬರೀ ಕುರ್ಚಿ ತೂಗ್ಬಾರ್ದು" ಎಂದಳು. ಹಸುವನ್ನು ಕಟ್ಟಿದ ಹಾಗೆ ಕಟ್ಟಿದ್ದನ್ನು ಕಂಡು ನಾನು ಅವತ್ತೇ ಹನೂರಿನ ಬಸ್ಸು ಹತ್ತಿದೆ.

ಮತ್ತೆ ಬಂದದ್ದು ಮೂರು ತಿಂಗಳಾದ ಮೇಲೆ. ಬಾಗಿಲು ತೆರೆದೇ ಇತ್ತು. ಬೀದಿಯಲ್ಲಿರುವಾಗಲೇ ಆ ಕಿರುಗುಟ್ಟುವ ಸದ್ದು ಕೇಳಿಸಿತು. ಒಳಗೆ ನೋಡಿದರೆ ಕಿಟಕಿಯಲ್ಲಿ ಬರೀ ಹಗ್ಗ ನೇತಾಡುತ್ತಿತ್ತು. ಕುರ್ಚಿ ಸರಿದು ಸರಿದು ನರ್ಸಮ್ಮನ ಗೋಡೆಯ ಹತ್ತಿರ ಹೋಗಿತ್ತು. ಅದರಲ್ಲಿ ಅವ್ವ, ನನಗೆ ಬೆನ್ನು ಮಾಡಿಕೊಂಡು.

"ಆ ಕಡೆ ಸದ್ದಿಲ್ಲ ಕಣೆ. ಮಧ್ಯಾಹ್ನ ಆದ್ರೆ ಮನೇಲ್ ಇರಾಕಾಗಲ್ಲ" ಎಂದಳು.

ನಾನು ಬ್ಯಾಗು ಇಟ್ಟು ನೆಲದ ಮೇಲೆ ಕೂತೆ. ಅವ್ವ ತಿರುಗಲಿಲ್ಲ. ತೂಗುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಗೋಡೆಯನ್ನೇ ನೋಡುತ್ತ ಹೇಳಿದಳು:

"ಕೂದ್ಲು ಬೋ ಕರ್ರಗಿತ್ತು. ಕಿವಿ ಮೇಲೆಲ್ಲ ಬಿದ್ದಿತ್ತು. ಮೂಗು ನಿಂದೇ. ಎಡಗಿವಿ ವಸಿ ಮಡಚ್ಕೊಂಡಿತ್ತು. ಮಣ್ಗೆ ಕಳ್ಸೋಕ್ಮುಂಚೆ ನಾನೇ ನೀವಿ ಸರಿ ಮಾಡ್ದೆ."

ಅವಳು ಎದ್ದು ಬಂದು ನನ್ನ ಪಕ್ಕ ಕೂತಳು. ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಗೋಡೆಯ ಹತ್ತಿರ ನರ್ಸಮ್ಮನ ಕುರ್ಚಿ ಯಾರೂ ಇಲ್ಲದೆ ಇನ್ನೂ ತೂಗುತ್ತಿತ್ತು. ನಾವಿಬ್ಬರೂ ಎದ್ದು ಅದನ್ನು ಹಿಡಿದು ನಿಲ್ಲಿಸಲಿಲ್ಲ.