ರಾಕ್ಷಸ ಸತ್ತ ತಾರೀಕು

ನಮ್ಮಕ್ಕನಿಗೆ ಸಿಟ್ಟೇ ಬರುವುದಿಲ್ಲ, ಅವಳ ಪಕ್ಕದಲ್ಲಿಟ್ಟರೆ ಕುದಿಯುವ ಹಾಲೂ ತಣ್ಣಗಾಗುತ್ತದೆ ಎಂದು ಎಲ್ಲೆಡೆ ಡಂಗುರ ಸಾರಿದವನು ನಾನು. ಅವಳು ಆನ್‌ಲೈನ್‌ನಲ್ಲಿ ಮಕ್ಕಳಿಗೆ ಪುರಾಣ, ಜನಪದ ಕಥೆ ಕಲಿಸುತ್ತಾಳೆ. ದಿನಕ್ಕೊಂದು ಕಥೆ ಬರೆದು ಹಾಕುತ್ತಾಳೆ. ನಿನ್ನೆ, ತರಗತಿಗೆ ಹತ್ತೇ ನಿಮಿಷವಿದ್ದಾಗ, ಆ ತರಗತಿಗಳನ್ನು ನಡೆಸುವ ಕಚೇರಿಯ ಮೇಲ್ವಿಚಾರಕ ಫೋನ್ ಮಾಡಿದ.

“ಮೇಡಂ, ಇವತ್ತಿನ ಕಥೇಲಿ ರಾಕ್ಷಸ ಸತ್ತ ತಾರೀಕು ಹಾಕಿಲ್ಲ. ಹಾಕದಿದ್ರೆ ಕಥೆ ಮಕ್ಕಳಿಗೆ ಹೋಗಲ್ಲ.”

“‘ಒಂದಾನೊಂದು ಕಾಲದಲ್ಲಿ’ ಅಂತ ಬರ್ದಿದ್ದೀನಲ್ಲಪ್ಪ!”

“ತಾರೀಕಿನ ಜಾಗದಲ್ಲಿ ಕಂಪ್ಯೂಟರ್ ಅದನ್ನ ಒಪ್ಪಲ್ಲ ಮೇಡಂ. ಸುಮ್ನೆ ಅಂದಾಜಿಗೊಂದು ಹಾಕಿ.”

“ಅಂದಾಜಿಗಾ? ಮಕ್ಕಳಿಗೆ ಸುಳ್ಳು ಹೇಳ್ಲಾ?”

ಅಕ್ಕ ಅಬ್ಬರಿಸಿದ ರಭಸಕ್ಕೆ ನನ್ನ ಕನ್ನಡಕ ಮೂಗಿನಿಂದ ಹಾರಿ ಪಕ್ಕದ ಬೀದಿಗೆ ಬಿತ್ತು.

“ಏನೋ ಒಂದು ಹಾಕ್ಬೇಕಲ್ಲ ಮೇಡಂ.”

“ಇವತ್ತಿನ ತಾರೀಕೇ ಹಾಕ್ಕೋ! ಇಷ್ಟು ಕಾಲ ಬದುಕಿದ್ದ ರಾಕ್ಷಸನ್ನ ಇವತ್ತು ಸಾಯಿಸಿದ್ದು ನೀನೇ ತಾನೆ?”